ಮೂರು ಶಾಲೆ, ಒಂದು ಗೇಟು

ಮಲೇಷ್ಯಾದ ಪುಚೊಂಗಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಫೋನ್ ಬಂತು. ಕನ್ನಡ ಪಾಲಕರ ಗುಂಪು ನಡೆಸುವ ಜಲಜಕ್ಕ.

"ಅಕ್ಷಯಾ, ಶನಿವಾರ ಜೂಮ್ ಮೀಟಿಂಗ್. ಮೂರು ಸ್ಕೂಲಿನವರು ಬರ್ತಾರೆ. ಯಾವುದ್ರಲ್ಲಿ ಎಂಥಾ ಮಕ್ಕಳಿದ್ದಾರೆ, ಏನೇನು ಕಲಿಸ್ತಾರೆ, ಎಲ್ಲಾ ಕಂಪೇರ್ ಮಾಡ್ಬೇಕು. ಪ್ರಶ್ನೆ ಕೇಳೋಳು ನೀನೇ."

"ಯಾರ್ಯಾರು ಬರ್ತಾರಕ್ಕ?"

"ಪೆಟಾಲಿಂಗ್ ಜಯಾ ಸ್ಕೂಲಿಂದ ಅಡ್ಮಿಷನ್ ನೋಡ್ಕೊಳ್ಳೋ ಸ್ವರೂಪ್. ಉಡುಪಿಯವನು. ನಿಂಗೊತ್ತಲ್ಲ?"

ಕೈಯಲ್ಲಿದ್ದ ಕ್ಲಿಪ್ಪು ಪಟ್ಟನೆ ಮುರಿಯಿತು.

"ಚೆನ್ನಾಗಿ ಗೊತ್ತು. ಕೇಳ್ತೀನಿ ಬಿಡಿ."

ಮಗಳು ಶ್ರೀಯಾಳ ಅಪ್ಪ ನಮ್ಮನ್ನು ಬಿಟ್ಟುಹೋದ ಮೇಲೆ ನನ್ನನ್ನು ನಗಿಸಿದ ಮೊದಲ ಗಂಡಸು ಅವನು. ಲಾಕ್‌ಡೌನಿಗೆ ಮುಂಚೆ ಭಾನುವಾರಗಳಲ್ಲಿ ಇಲ್ಲಿನ ಮಾಮಕ್ ಚಹಾ-ತಿಂಡಿ ಅಂಗಡಿಯಲ್ಲಿ ಎದುರು ಕೂತು, ಚಹಾದ ನೊರೆಯನ್ನು ಮೀಸೆಗೆ ಅಂಟಿಸಿಕೊಂಡು, ನಾನು ನೋಡಿ ನಗುವವರೆಗೂ ಒರೆಸದೆ ಕಾಯುತ್ತಿದ್ದ.

ನನ್ನ ಮಗಳಿಗೆ ಮಾತು ಉಗ್ಗುತ್ತದೆ. ಅವನ ಶಾಲೆಗೆ ಅರ್ಜಿ ಹಾಕಿದ್ದೆ. 'ಈ ಮಗು ನಮ್ಮಲ್ಲಿಗೆ ಹೊಂದುವುದಿಲ್ಲ' ಎಂದು ಇಮೇಲ್ ಬಂತು. ಕೆಳಗೆ ಅವನದೇ ಹೆಸರು. ಆಮೇಲೆ ನಾನು ಅವನ ಫೋನ್ ಎತ್ತಲಿಲ್ಲ. ಶ್ರೀಯಾ ಆನ್‌ಲೈನ್ ಕ್ಲಾಸಿನಲ್ಲಿ ಮೈಕ್ ಆನ್ ಮಾಡುವುದನ್ನೇ ಬಿಟ್ಟಳು.

ವಾರವಿಡೀ ಮೂರೂ ಶಾಲೆಗಳ ಪಾಲಕರಿಗೆ ಫೋನ್ ಮಾಡಿ ವಿಚಾರಿಸಿದೆ. ಶನಿವಾರ ಅವನು ಮೆಚ್ಚಿದ್ದ ಹಸಿರು ಕುರ್ತಾ ಹಾಕಿಕೊಂಡು ಕಾಡಿಗೆ ತೀಡಿಕೊಂಡೆ. ಚೆಂದವಾಗಿ ಕಾಣಿಸುತ್ತಲೇ ಅವನನ್ನು ಸುಡಬೇಕಿತ್ತು.

ಉಳಿದಿಬ್ಬರ ಸರದಿ ಬೇಗ ಮುಗಿಸಿದೆ.

"ಸ್ವರೂಪ್ ಅವರೇ, ಫಾರಿನ್ ಮಕ್ಕಳೆಲ್ಲ ಊರಿಗೆ ಹೋದ್ರಂತೆ. ಕ್ಲಾಸು ಖಾಲಿಯಂತೆ?"

"ಹೌದು ಮೇಡಂ, ಅರ್ಧಕ್ಕರ್ಧ." ಕಣ್ಣು ನನ್ನ ಕುರ್ತಾದ ಮೇಲೆಯೇ ಇತ್ತು.

"ರೋಬೋಟಿಕ್ಸ್ ಇದೆ, ಈಜು ಇದೆ, ಮ್ಯಾಂಡರಿನ್ ಇದೆ. ಮಾತು ಉಗ್ಗುವ ಮಗುವಿಗೆ ಏನಿದೆ?"

ಅವನು ಕಾಲರ್ ಸಡಿಲಿಸಿಕೊಂಡ. ನನಗೆ ಎಷ್ಟು ಹಿತವಾಯಿತೆಂದರೆ!

"ಏನೂ ಇಲ್ಲ," ಎಂದ. "ಅಂಥಾ ಮಕ್ಕಳನ್ನು ನಾವು ತಗೊಳ್ಳುವುದೇ ಇಲ್ಲ. ರಿಸಲ್ಟ್ ಹಾಳಾಗ್ತದೆ ಅಂತ. ಇದೇ ಮೀಟಿಂಗಿಗೆ ಬಂದ ಪುಚೊಂಗಿನ ಸಣ್ಣ ಸ್ಕೂಲಲ್ಲಿ ಮಾತು ಕಲಿಸುವ ಟೀಚರ್ ಇದ್ದಾರೆ, ಕ್ಲಾಸಲ್ಲಿ ಮಕ್ಕಳೂ ಕಮ್ಮಿ. ನನ್ನ ಮಗು ಆದ್ರೆ ಅಲ್ಲಿಗೇ ಕಳಿಸ್ತಿದ್ದೆ."

ಪರದೆಯ ಪಕ್ಕದ ಚೌಕದಲ್ಲಿದ್ದ, ಕನ್ನಡ ಬಾರದ ಅವನ ಪ್ರಿನ್ಸಿಪಾಲರಿಗೆ ಜಲಜಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟರು. ಅವರು ಕ್ಯಾಮೆರಾ ಆಫ್ ಮಾಡಿದರು. ನನಗೆ ಮತ್ತಷ್ಟು ಸಿಟ್ಟು ಬಂತು. ನಾನು ಬೀಳಿಸಬೇಕಿದ್ದ ಹಳ್ಳಕ್ಕೆ ಅವನೇ ಇಳಿದಿದ್ದ.

ಮಾರನೆಯ ಸಂಜೆ ಗಾರ್ಡ್ ಇಂಟರ್‌ಕಾಮ್‌ನಲ್ಲಿ ಕರೆದ. ಹೊರಗಿನವರನ್ನು ಒಳಗೆ ಬಿಡದ ಕಾಲ. ಬೇಕೆಂದೇ ತಡಮಾಡಿ, ಶ್ರೀಯಾಳ ಕೈ ಹಿಡಿದು ಇಳಿದೆ. ಗೇಟಿನಾಚೆ ಸ್ವರೂಪ್, ಕೈಯಲ್ಲಿ ಪೊಟ್ಟಣ.

"ನಮ್ಮ ಮಾಮಕ್ ಅಂಗಡಿಯ ರೋಟಿ ಚನಾಯ್, ತಪಾವ್ ಕಟ್ಟಿಸಿ ತಂದೆ."

"ಆರಿರುತ್ತೆ."

"ಇಷ್ಟು ಹೊತ್ತು ನಿಲ್ಲಿಸಿದ್ರೆ ಆರದೆ ಮತ್ತೇನು ಮಾರಾಯ್ರೆ?"

"ಇನ್ನೂ ನಿಲ್ಲಿ. ಕಾಲು ನೋಯ್ಲಿ."

"ನೋವಾಗ್ತಾ ಉಂಟು."

"ಸಾಲದು."

ಮಾಸ್ಕಿನ ಮೇಲೆ ಅವನ ಕಣ್ಣಂಚು ಸುಕ್ಕಾಯಿತು. ನಗು ಬಂದರೂ ನಾನು ನಗಲಿಲ್ಲ.

"ಕೆಲಸ ಹೋಯ್ತಾ?"

"ನಾಳೆ ಕರೆದಿದ್ದಾರೆ. ಹೋಗ್ಬಹುದು."

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡಿ."

"ಇಲ್ಲ. ಆ ಇಮೇಲ್ ನಾನು ಬರೆದದ್ದಲ್ಲ, ಆದ್ರೆ ಹೆಸರು ಹಾಕಿದ್ದು ನಾನೇ. ಆಗಲ್ಲ ಅನ್ನುವ ಧೈರ್ಯ ಬರಲಿಲ್ಲ. ನಿಮ್ಮ ಹತ್ರ ಹೇಳಬೇಕಾದ್ದನ್ನು ಹೇಳುವುದಕ್ಕೂ ಬರಲಿಲ್ಲ." ಅವನು ಸರಳಿನ ಹತ್ತಿರ ಬಂದ. "ನನಗೆ ನೀವು ಬೇಕು ಅಕ್ಷಯಾ."

ನಾನೂ ಒಂದು ಹೆಜ್ಜೆ ಮುಂದಿಟ್ಟೆ. ಆದರೂ ಕ್ಷಮಿಸುವ ಮನಸ್ಸಿರಲಿಲ್ಲ. ಇನ್ನೂ ಚುಚ್ಚುವ ಮಾತೊಂದನ್ನು ಹುಡುಕುತ್ತಿದ್ದೆ.

ಅಷ್ಟರಲ್ಲಿ ಶ್ರೀಯಾ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದಳು. ಎರಡೂ ಕೈಯಲ್ಲಿ ಸರಳು ಹಿಡಿದು ತಲೆಯೆತ್ತಿದಳು.

"ಅಂಕಲ್, ಯು ಸೆಡ್ ನೋ ಟು ಮಿ."

ಅವನು ಮಂಡಿಯೂರಿ ಕುಳಿತ. ಅವಳ ತುಟಿ ಮುಂದಿನ ಪದದ ಮೇಲೆ ನಿಂತುಬಿಟ್ಟಿತು. ನಾನು ಮುಗಿಸಿಕೊಡಲಿಲ್ಲ. ಅವನೂ ಆತುರಪಡಲಿಲ್ಲ.

"ಈಗ ಅಮ್ಮ ಬೇಕು ಅಂತೀರಿ. ನಾ... ನಾ... ನಾನು?"