ಜಡ್ಜ್ ಸಾಹೇಬರ ಪೂರ್ಣ ಪರಿಚಯ

ಹುಳಿ ಬಂದ ರಾಗಿ ಅಂಬಲಿಯ ವಾಸನೆ!

ಮಂಡ್ಯದಲ್ಲಿ ನಮ್ಮಜ್ಜಿ ರಾತ್ರಿ ಮಡಕೆಯಲ್ಲಿ ಇಟ್ಟು, ಬೆಳಿಗ್ಗೆ ಮುಚ್ಚಳ ತೆಗೆದರೆ ಅಡುಗೆಮನೆಯೆಲ್ಲ ಘಮ್ಮೆನ್ನುತ್ತಿತ್ತು... ಅದೇ ವಾಸನೆ.

ಈಗ ಅದು ನನ್ನ ಕೋಟಿನ ಮೇಲಿತ್ತು. ದಾರಿಗೆಂದು ಅಂಬಲಿ ತುಂಬಿ ತಂದಿದ್ದ ಫ್ಲಾಸ್ಕ್ ಡ್ಯಾಶ್‌ಬೋರ್ಡಿಗೆ ಬಡಿದು ಬಾಯಿ ಬಿಟ್ಟಿತ್ತು. ಹಿಂದಿನ ಟ್ರಕ್ ನನ್ನ ಹಳೇ ಕಾರಿಗೆ ಎರಡನೇ ಸಲ ಗುದ್ದಿತ್ತು!

"ನಮ್ಮನ್ನ ಕೊಲ್ತಾನೆ!" ಪಕ್ಕದಲ್ಲಿ ಟೋನಿ ಕಿರುಚಿದ.

"ಕೊಲ್ಲೋನು ಮೊದಲನೇ ಸಲಕ್ಕೇ ಕೊಲ್ತಿದ್ದ. ಬೆಲ್ಟ್ ಬಿಗಿ ಮಾಡ್ಕೋ."

ಧೈರ್ಯಕ್ಕೆ ಹೇಳಿದ್ದು.

ಭಾನುವಾರ ಬೆಳಿಗ್ಗೆ. ಕ್ರ್ಯಾನ್‌ಬರಿಯ ಗೋದಾಮುಗಳ ನಡುವೆ ಒಂದು ನರಪಿಳ್ಳೆ ಇಲ್ಲ. ಕೂಗಿದರೂ ಕೇಳೋರಿಲ್ಲ.

ಫೋನ್ ಬಡಿದುಕೊಂಡಿತು. ಪ್ರೀತಮ್. ಜಡ್ಜ್ ವಿಟ್ಲಾಕ್‌ನ ಚುನಾವಣೆ ನಡೆಸುವ ಹುಡುಗ. ನಮ್ಮವರ ಮಗ, ಆದರೆ ಈ ಪರದೇಶದಲ್ಲೇ ಹುಟ್ಟಿ ಬೆಳೆದವನು.

"ಸುಧಾಮಣಿ ಆಂಟಿ, ಟೋನಿನ ಅಲ್ಲೇ ಇಳಿಸಿಬಿಡಿ. ಪ್ಲೀಸ್. ನಿಮ್ಮ ವಯಸ್ಸಿಗೆ ಇದೆಲ್ಲ ಬೇಕಾ?"

"ನನ್ನ ವಯಸ್ಸು ಕಟ್ಕೊಂಡು ನಿನಗೇನಪ್ಪ? ಹೆಣ್ಣು ನೋಡೋಕೆ ಬಂದಿದ್ದೀಯಾ?"

"ಐ ಆಮ್ ಸೀರಿಯಸ್, ಆಂಟಿ!"

"ನಿನ್ನ ಟ್ರಕ್ಕೂ ಸೀರಿಯಸ್ಸಾಗೇ ಇದೆ. ಇಡು ಫೋನು!"

ಟರ್ನ್‌ಪೈಕ್ ಹೆದ್ದಾರಿ ಬಂತು. ಒಳಗೆ ಹೋದ ಮೇಲೆ ದಾರಿ ಎರಡಾಗುತ್ತೆ. ಒಂದು ಎಲ್ಲ ವಾಹನಕ್ಕೂ. ಇನ್ನೊಂದು ಬರೀ ಕಾರುಗಳಿಗೆ. ನಾನು ಟ್ರಕ್ಕಿನ ದಾರಿಯಲ್ಲೇ ಹೋದೆ... ಹೋದೆ... ಕೊನೇ ಗಳಿಗೆಯಲ್ಲಿ ಸ್ಟೀರಿಂಗ್ ಎಳೆದೆ!

ಟೋನಿ ಏಸುವನ್ನು ಕರೆದ. ಕಾರು ಕಾರುಗಳ ದಾರಿಗೆ ಬಿತ್ತು.

ಟ್ರಕ್ಕಿನವನು ರೋಷಕ್ಕೆ ನನ್ನ ಹಿಂದೆಯೇ ನುಗ್ಗಿದ. ಅಲ್ಲೇ ಮರೆಯಲ್ಲಿ ಪೊಲೀಸ್ ಕಾರು ನಿಂತಿರುತ್ತೆ ಅಂತ ದಿನಾ ಕಮ್ಯೂಟ್ ಮಾಡೋರಿಗೆಲ್ಲ ಗೊತ್ತು. ಬಾಡಿಗೆ ಗೂಂಡಾಗೆ ಗೊತ್ತಿರಲಿಲ್ಲ!

ಕನ್ನಡಿಯಲ್ಲಿ ಕೆಂಪು ನೀಲಿ ದೀಪ ನೋಡಿ ಉಸಿರುಬಿಟ್ಟೆ.

ಇಷ್ಟೆಲ್ಲ ಯಾಕೆ ಅಂತೀರಾ? ಕೇಳಿ.

ಕೆಲವು ವರ್ಷದ ಹಿಂದೆ ಗಣಪತಿ ಕ್ರ್ಯಾನ್‌ಬರಿಯ ಒಂದು ಗೋದಾಮಿನಲ್ಲಿ ಇಂಜಿನಿಯರ್. ಮೈಸೂರು ಕಡೆಯ ಹುಡುಗ. ಮಧ್ಯಾಹ್ನಕ್ಕೆ ಫ್ಲಾಸ್ಕಿನಲ್ಲಿ ಅಂಬಲಿ, ಕಚ್ಚಿಕೊಳ್ಳಲು ಈರುಳ್ಳಿ. ಒಂದು ದಿನ ಸರಕಿನ ಲಿಫ್ಟ್ ಕುಸಿಯಿತು. ಆತ ಅದರ ಕೆಳಗಿದ್ದ.

ಹೆಂಡತಿ ಶೈಲಜಾ ಕೋರ್ಟಿಗೆ ಹೋದಳು. ಕಂಪನಿಯ ವಕೀಲ ಆ ಫ್ಲಾಸ್ಕನ್ನು ಜ್ಯೂರಿಯ ಮೂಗಿಗೆ ಹಿಡಿದ. "ವಾಸನೆ ನೋಡಿ! ಕೆಲಸದ ಹೊತ್ತಲ್ಲಿ ಕುಡಿಯುತ್ತಿದ್ದ." ರಕ್ತಪರೀಕ್ಷೆ ಎಲ್ಲಿ ಅಂದರೆ ಸ್ಯಾಂಪಲ್ ಕಳೆದುಹೋಯಿತಂತೆ. ಸೂಪರ್‌ವೈಸರ್ ಟೋನಿ ಹೌದು ಅಂತ ಸಾಕ್ಷಿ ಹೇಳಿದ. ಕೇಸು ಮುಗಿಯಿತು.

ಮಗಳು ಹರ್ಷಿತಾ ಸ್ಕೂಲಿಂದ ಬಂದು ಕೇಳಿದಳಂತೆ, "ಅಮ್ಮಾ, ವಾಸ್ ಡ್ಯಾಡ್ ಎ ಡ್ರಂಕ್?"

ಆ ವಕೀಲನೇ ವಿಟ್ಲಾಕ್. ಈಗ ನಮ್ಮೂರಿನ ಜಡ್ಜ್. ಇಲ್ಲಿ ಜಡ್ಜನ್ನೂ ವೋಟು ಹಾಕಿಯೇ ಆರಿಸೋದು; ಇನ್ನೊಂದು ಅವಧಿಗೆ ವೋಟು ಕೇಳುತ್ತಿದ್ದಾನೆ. ಅವನ ಪ್ರಚಾರದಲ್ಲಿ ಎಲ್ಲ ಇದೆ... ಸರ್ಕಾರಿ ವಕೀಲ, ಬಡವರ ಬಂಧು, ನ್ಯಾಯಮೂರ್ತಿ. ನಡುವಿನ ಕಂಪನಿ ವಕೀಲಿಕೆ ಮಾತ್ರ ಮಾಯ!

"ಅವರು ಕುಡುಕರಲ್ಲ ಅಂತ ಅವನೆದುರಿಗೇ ಹೇಳಿಸಬೇಕು, ಸುಧಕ್ಕ," ಅಂದಿದ್ದಳು ಶೈಲಜಾ. "ಆಮೇಲೆ ಅವನು ಆ ಕುರ್ಚಿ ಮೇಲೆ ಕೂರಬಾರದು."

ನಾನು ಪ್ರೈವೇಟ್ ಇನ್ವೆಸ್ಟಿಗೇಟರ್. ಟೋನಿಯನ್ನು ಹುಡುಕಿ ತೆಗೆದೆ. ನಿಜ ಹೇಳಲು ಒಪ್ಪಿದ ಆತ, ಅದನ್ನೇ ಹಳೇ ಬಾಸ್ ಹತ್ತಿರ ಬಾಯಿಬಿಟ್ಟ; ಸುದ್ದಿ ಜಡ್ಜ್ ಕಡೆಯವರಿಗೆ ಮುಟ್ಟಿತು. ಟ್ರಕ್ ಬಂತು.

ನನ್ನನ್ನು ಕಳಿಸಿದ್ದು ಯಾರು ಅಂತ ಮಾತ್ರ ಪ್ರೀತಮ್‌ಗೆ ಗೊತ್ತಿರಲಿಲ್ಲ. ಅವನಿಗೆ ನಾವೆಲ್ಲ ಬರೀ ಆಂಟಿಯರು. ಯಾವ ಆಂಟಿ ಯಾರ ಹೆಂಡತಿ ಅಂತ ಒಂದು ದಿನವೂ ಕೇಳಿದವನಲ್ಲ.

ಅದೇ ಅವನ ತಪ್ಪು.

ಅದೇ ಭಾನುವಾರ ಮಧ್ಯಾಹ್ನ, ನಮ್ಮೂರು ಹಿಕ್ಸ್‌ವಿಲ್‌ನ ಶಾಲೆಯಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಮಂಗಳವಾರವೇ ಮತದಾನ. ಮುಖ್ಯ ಅತಿಥಿ ಜಡ್ಜ್ ವಿಟ್ಲಾಕ್.

ಬಾಗಿಲಲ್ಲಿದ್ದ ಸಂಘದ ರಮಾಮಣಿ ನನ್ನ ಕೋಟು ನೋಡಿದಳು. ತನ್ನ ಶಾಲು ತೆಗೆದು ನನಗೆ ಹೊದಿಸಿದಳು. ಟೋನಿಯನ್ನು ಅಡುಗೆಯವರ ಬಾಗಿಲಿಂದ ಒಳಗೆ ಬಿಟ್ಟಳು.

ವೇದಿಕೆಯ ಮೇಲೆ ಜಡ್ಜ್. ತಲೆಗೆ ಮೈಸೂರು ಪೇಟ. ಹೆಗಲಿಗೆ ಶಾಲು. ಕೊರಳಿಗೆ ಗಂಧದ ಹಾರ. ತೊಡೆ ಮೇಲೆ ಹಣ್ಣಿನ ಬುಟ್ಟಿ. ಥಟ್ಟನೆ ಎದ್ದು ಓಡುವ ವೇಷವಲ್ಲ! ಅವನ ಹುಡುಗರೇ ಫೋನ್ ಹಿಡಿದು ಲೈವ್ ಬಿಡುತ್ತಿದ್ದರು.

ಮೈಕ್ ಮುಂದೆ, ರೇಷ್ಮೆ ಸೀರೆಯಲ್ಲಿ... ಶೈಲಜಾ. ಕೋರ್ಟಿನಲ್ಲಿ ಕಂಡವಳೇ ಇವಳು ಅಂತ ಜಡ್ಜ್‌ಗೂ ಗುರುತು ಹತ್ತಲಿಲ್ಲ.

"ಟೂ ಮಿನಿಟ್ಸ್, ಓಕೆ ಆಂಟಿ?" ಅಂದ ಪ್ರೀತಮ್.

"ಆಗಲಪ್ಪ," ಅಂದಳು.

ನಮ್ಮವರ ಅತಿಥಿ ಪರಿಚಯ ಎರಡು ನಿಮಿಷಕ್ಕೆ ಮುಗಿದದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಇಂಗ್ಲಿಷಿನಲ್ಲೇ ಶುರು ಮಾಡಿದಳು. ಓದು, ಬರಹ, ಸೇವೆ. ಜಡ್ಜ್ ತಲೆದೂಗಿದ.

"ಇವರ ಪ್ರಚಾರದಲ್ಲಿ ಸ್ವಲ್ಪ ಬಿಟ್ಟುಹೋಗಿದೆ. ಪೂರ್ಣ ಪರಿಚಯ ನಮ್ಮ ಪದ್ಧತಿ. ಇವರು ಒಂದು ಗೋದಾಮಿನ ವಕೀಲರಾಗಿದ್ದರು. ಲಿಫ್ಟಿನಡಿ ಸತ್ತವನನ್ನು ಕುಡುಕ ಅಂತ ಸಾಬೀತು ಮಾಡಿದರು. ಸತ್ತವರ ಹೆಸರು ಗಣಪತಿ. ನಾನು ಅವರ ಹೆಂಡತಿ."

ಎಲ್ಲರ ತಲೆ ಜಡ್ಜ್ ಕಡೆ ತಿರುಗಿತು!

ಪೇಟದ ಕೆಳಗೆ ಬೆವರು ಇಳಿಯಿತು.

"ಮೈಕ್ ಆಫ್ ಮಾಡಿ, ಅಂಕಲ್!" ಪ್ರೀತಮ್ ಹಾರಿದ.

ಸೌಂಡ್ ನೋಡುತ್ತಿದ್ದ ಚಂದ್ರಶೇಖರ ಕದಲಲಿಲ್ಲ. "ಪರಿಚಯ ಮುಗೀಲಿ, ಮರಿ. ಮಧ್ಯದಲ್ಲಿ ನಿಲ್ಲಿಸಿದರೆ ಅತಿಥಿಗೆ ಅವಮಾನ."

ಟೋನಿ ಮೈಕಿಗೆ ಬಂದ.

"ಸಾಕ್ಷಿ ಹೇಳಿದವನು ನಾನು. ಗಣಪತಿ ಕುಡಿದಿರಲಿಲ್ಲ. ಲಿಫ್ಟಿನ ಬ್ರೇಕ್ ಕೆಟ್ಟಿತ್ತು. ಇವರಿಗೆ ಹೇಳಿದೆ. 'ಬ್ರೇಕ್ ಮರೆತುಬಿಡು, ವಾಸನೆ ನೆನಪಿಟ್ಕೋ' ಅಂದರು."

"ಸುಳ್ಳು!" ಜಡ್ಜ್ ಎದ್ದ. ಹಣ್ಣುಗಳು ವೇದಿಕೆ ತುಂಬ ಉರುಳಿದವು. "ಆ ಫ್ಲಾಸ್ಕ್ ನಾತ ಹೊಡೀತಿತ್ತು! ನಾನೇ ಮೂಸಿದ್ದೆ!"

"ಅದು ನಮ್ಮ ಅಂಬಲಿ ಕಣಯ್ಯಾ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಹರ್ಷಿತಾ ಎದ್ದು ನಿಂತಿದ್ದಳು. ಬೆನ್ನು ನೆಟ್ಟಗಿತ್ತು.

ಲೈವ್ ಇನ್ನೂ ಓಡುತ್ತಿತ್ತು.

ಜಡ್ಜ್ ಪೇಟದ ಸಮೇತ ಬಾಗಿಲಿಗೆ ದೌಡಾಯಿಸಿದ. ಶೈಲಜಾ ಆಗಲೇ ಅಲ್ಲಿ ನಿಂತಿದ್ದಳು. ಒಂದು ಸ್ಟೀಲ್ ಫ್ಲಾಸ್ಕ್, ಮೇಲೊಂದು ಸುಲಿದ ಈರುಳ್ಳಿ... ಮೆಲ್ಲಗೆ ಅವನ ಕೈಗಿಟ್ಟಳು.

"ನಮ್ಮಲ್ಲಿ ಅತಿಥಿ ಊಟ ಮಾಡದೆ ಹೋಗೋ ಹಾಗಿಲ್ಲ," ಅಂದಳು.

ನಾನು ಬಾಗಿಲು ತೆರೆದು ಹಿಡಿದೆ. "ಕುಡಿದೇ ಡ್ರೈವ್ ಮಾಡಿ, ಯುವರ್ ಆನರ್. ಯಾರೂ ಹಿಡಿಯಲ್ಲ."