ಹದಿನಾರರಲ್ಲಿ ಎಂಟು

“ಇದಕ್ಕ ರಾಂಗ್ ಹಾಕಿದವರು ಯಾರ್ರಿ?”

ಔರಾದದ ಆ ಶಾಲೆಯ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ ಏಳೆಂಟು ಜನ ಶಿಕ್ಷಕರು ಲೋಟ ಕೆಳಗಿಟ್ಟರು.

ಬಾಗಿಲಲ್ಲಿ ನಿಂತಿದ್ದವಳು ಬಸವೇಶ್ವರಿ, ಚಿಂತಾಕಿಯ ಶಾಲೆಯೊಂದರ ಅತಿಥಿ ಶಿಕ್ಷಕಿ. ಬಸ್ಸಿನ ನೂಕುನುಗ್ಗಲಲ್ಲಿ ಸೆರಗು ಮುದುಡಿತ್ತು. ಕೈಯಲ್ಲಿ ಒಂದು ಉತ್ತರ ಪತ್ರಿಕೆ, ಕಣ್ಣಲ್ಲಿ ಕೆಂಡ!

ಕಿಟಕಿ ಪಕ್ಕದ ಯುವಕ ಎದ್ದು ನಿಂತ.

“ನಾನೇರಿ. ರತ್ನದೀಪ ಅಂತ. ಭಾಲ್ಕಿ ಕಡೆ ಭಾತಂಬ್ರಾ ಸಾಲಿ ಗಣಿತ ಮಾಸ್ತರ. ಪೇಪರ್ ತಿದ್ದಾಕ ಇಲ್ಲಿ ಹಾಕ್ಯಾರ.”

“ಭಾತಂಬ್ರಾದಾಗ ಅರ್ಧ ಅಂದ್ರ ಎಷ್ಟ್ರಿ?”

ಯಾರೋ ಕಿಸಕ್ಕನೆ ನಕ್ಕರು. ಬಸವೇಶ್ವರಿ ನಗಲಿಲ್ಲ.

ವಿಷಯ ಇಷ್ಟೇ. ಶಿಕ್ಷಕರ ಸಮಿತಿಯೊಂದು ಐದನೇ ತರಗತಿಯವರಿಗೆ ಗಣಿತ ಸ್ಪರ್ಧೆ ನಡೆಸಿತ್ತು. ನಾಲ್ಕು ಸಮ ಭಾಗ ಮಾಡಿದ ಹೊಲದ ಚಿತ್ರ, ಅದರಲ್ಲಿ ಎರಡು ಭಾಗಕ್ಕೆ ಬಣ್ಣ. ಬಣ್ಣ ಹಚ್ಚಿದ್ದು ಎಷ್ಟು ಎಂಬುದು ಪ್ರಶ್ನೆ. ಉತ್ತರ ಸೂಚಿಯಲ್ಲಿ ಇದ್ದದ್ದು ಎರಡರಲ್ಲಿ ಒಂದು. ಬಸವೇಶ್ವರಿಯ ವಿದ್ಯಾರ್ಥಿನಿ ಅರ್ಶಿಯಾ ಬರೆದದ್ದು ಹದಿನಾರರಲ್ಲಿ ಎಂಟು. ಸಿಕ್ಕಿದ್ದು ಸೊನ್ನೆ. ಆ ಒಂದೇ ಒಂದು ಅಂಕಕ್ಕೆ ಹುಡುಗಿಗೆ ಬೀದರಿನ ಜಿಲ್ಲಾ ಸುತ್ತು ಕೈತಪ್ಪಿತ್ತು.

“ನಾಲ್ಕು ಭಾಗದ ಚಿತ್ರದಾಗ ಹದಿನಾರು ಎಲ್ಲಿಂದ ಬಂತ್ರಿ ಮೇಡಂ?” ರತ್ನದೀಪ ನಿಜವಾದ ಕುತೂಹಲದಿಂದಲೇ ಕೇಳಿದ. ಅವಳಿಗೆ ಅದು ಕುಹಕವಾಗಿ ಕೇಳಿಸಿತು.

“ಅಕಿ ದಾದಿ, ಅಂದ್ರ ಅಪ್ಪನ ಅವ್ವ, ಹಾಜಿರಾಬೀ ಪಾಲಿಗೆ ಹೊಲಾ ಮಾಡ್ತಾರ್ರಿ. ನಮ್ಮೂರಾಗ ಹೊಲದ ಪಾಲು ಆಣಿ ಲೆಕ್ಕದಾಗ ಹೇಳ್ತಾರ. ಪೂರಾ ಅಂದ್ರ ಹದಿನಾರಾಣಿ, ಅರ್ಧ ಅಂದ್ರ ಎಂಟಾಣಿ. ಹೊಲದ ಚಿತ್ರಾ ನೋಡಿ ಮನಿ ಲೆಕ್ಕ ಬರದಾಳ. ತಪ್ಪೇನದ?”

ಹೇಳಿದವಳೇ ಮೇಜಿನ ಮೇಲಿದ್ದ ಹಾಳೆಯಿಂದ ಉದ್ದನೆಯ ಪಟ್ಟಿಯೊಂದನ್ನು ಹರಿದಳು. ಒಂದು ಮಡಿಕೆ. “ಎರಡು ಭಾಗ.” ಇನ್ನೊಂದು. “ನಾಲ್ಕು.” ಮತ್ತೊಂದು, ಮಗದೊಂದು. “ಹದಿನಾರು! ಬಿಚ್ಚಿ ಎಣಸ್ರಿ. ನಡುವಿನ ಗೆರಿ ಎಲ್ಲ್ಯಾದರೂ ಸರದಾದೇನು? ಆ ಕಡೆ ಎಂಟು, ಈ ಕಡೆ ಎಂಟು. ಭಾಗ ಹೆಚ್ಚಾದ್ರ ಪಾಲು ಬದಲಾಗಂಗಿಲ್ಲ. ನನ್ನ ಮಕ್ಕಳಿಗೆ ಹಿಂಗೇ ಕಲಿಸ್ತೇನಿ.”

ರತ್ನದೀಪ ನಿಜಕ್ಕೂ ಬೆರಳಿಟ್ಟು ಎಣಿಸಿದ. ಆಮೇಲೆ ಮುಖದ ತುಂಬ ನಕ್ಕ.

“ಖರೆ ಅದ್ರಿ. ನನ್ನ ತಪ್ಪು. ಆದ್ರ ರಿಸಲ್ಟ್ ಹೊರಗ ಬಿದ್ದದ. ಸಮಿತಿ ಅಧ್ಯಕ್ಷರಿಗೆ ಅರ್ಜಿ ಕೊಡ್ರಿ.”

ಅಂದವನು ಆ ಪಟ್ಟಿಯನ್ನು ಮಡಚಿ ಜೇಬಿಗೆ ಸೇರಿಸಿದ.

ತಪ್ಪು ಒಪ್ಪಿಕೊಂಡು ನಗುವ ಗಂಡಸನ್ನು ಬಸವೇಶ್ವರಿ ಅದೇ ಮೊದಲು ನೋಡಿದ್ದು! ಜಗಳಕ್ಕೆ ಬಂದವಳಿಗೆ ಜಗಳವೇ ಸಿಗದೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಸಂಜೆ ರತ್ನದೀಪನ ಫೋನು ಬಂತು.

“ಅರ್ಜಿಯೊಳಗ ಒಂದು ಸಾಲು ಸೇರಸ್ರಿ. ಅತಿ ಸಣ್ಣ ರೂಪದಾಗ ಬರೀರಿ ಅಂತ ಪ್ರಶ್ನ್ಯಾಗ ಎಲ್ಲೂ ಹೇಳಿಲ್ಲ.”

“ಅದು ನನಗ ಹೊಳಿಯಂಗಿಲ್ಲ ಅಂತ ತಿಳದೀರೇನು?”

“ಹೊಳದಿತ್ತೇನ್ರಿ?”

“...ಇಲ್ಲ.”

ಇಬ್ಬರೂ ನಕ್ಕರು. ಆಮೇಲೆ ಫೋನು ದಿನವೂ ಬರತೊಡಗಿತು. ಮೊದಲ ಮೂರು ದಿನ ಅರ್ಜಿಯ ಮಾತು. ನಾಲ್ಕನೇ ದಿನ ಭಾಲ್ಕಿ ಬಸ್ಸಿನ ಮಾತು. ಐದನೇ ದಿನ ಅವನ ತಾಯಿ ಮಹಾಮಾಯಾ ಮಾಡುವ ಪುಂಡಿಪಲ್ಯದ ಮಾತು. ಸಂಜೆ ಐದೂವರೆಯಾದರೆ ಸಾಕು, ಬಸವೇಶ್ವರಿ ಫೋನಿನ ಪಕ್ಕದಿಂದ ಕದಲುತ್ತಿರಲಿಲ್ಲ.

“ಯಾರ ಫೋನವ್ವಾ ಅದು?” ತಂದೆ ಸಿದ್ದೇಶ್ವರ ಓರೆಗಣ್ಣಿನಿಂದ ನೋಡಿ ಕೇಳಿದರು.

“ಅರ್ಜೀದು, ಅಪ್ಪಾ.”

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ!

ಹದಿನೈದನೇ ದಿನ ಸಮಿತಿಯ ಪತ್ರ ಬಂತು. ‘ಮೌಲ್ಯಮಾಪಕರಾದ ರತ್ನದೀಪ ಅವರ ಅಭಿಪ್ರಾಯ ಪಡೆದು, ತಮ್ಮ ಮನವಿಯನ್ನು ತಿರಸ್ಕರಿಸಲಾಗಿದೆ.’

ಆ ಸಾಲನ್ನು ಅವಳು ಮೂರು ಸಲ ಓದಿದಳು. ಅಕ್ಷರಗಳು ಕಲಸಿಕೊಂಡವು.

‘ಬಾಯಿಲೆ ಖರೆ ಅಂದ... ಕಾಗದದಾಗ ತಪ್ಪು ಅಂತ ಬರದ! ನಾನೆಂಥ ಹುಚ್ಚಿ...’

ಅಂದು ಸಂಜೆ ಫೋನು ಏಳು ಸಲ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ಕೊನೆಗೆ ನಂಬರನ್ನೇ ಬ್ಲಾಕ್ ಮಾಡಿದಳು. ಮಾಡಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ತರಗತಿಯಲ್ಲಿ ಅರ್ಶಿಯಾ ಮೆಲ್ಲಗೆ ಕೇಳಿದಳು. “ಮೇಡಂ, ಹಂಗಾರ ನಮ್ಮ ದಾದಿ ಲೆಕ್ಕ ತಪ್ಪೇನ್ರಿ?”

ಬಸವೇಶ್ವರಿಯ ಅಳು ಅಲ್ಲಿಗೇ ಬತ್ತಿತು. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

“ತಪ್ಪಿಲ್ಲ. ನಾವು ಬೀದರಿಗೆ ಹೋಗೋಣು.”

“ನಮಗ ಕರದಿಲ್ಲಲ್ರಿ?”

“ಕರೀದಿದ್ರೂ ಹೋಗೋಣು!”

ಜಿಲ್ಲಾ ಸುತ್ತಿನ ದಿನ ಔರಾದದಿಂದ ಹೊರಟ ಮೊದಲ ಬಸ್ಸಿನಲ್ಲಿ ಬಸವೇಶ್ವರಿ, ಅರ್ಶಿಯಾ, ಹಾಜಿರಾಬೀ ಮೂವರೂ ಇದ್ದರು. ಬೀದರಿನ ಆ ಶಾಲೆಯ ಗೇಟಿನಲ್ಲಿ ಕಾವಲುಗಾರ ತಡೆದ. ಪಟ್ಟಿಯಲ್ಲಿ ಹೆಸರಿಲ್ಲವಂತೆ. ಹಾಜಿರಾಬೀ ಚೀಲದಿಂದ ಚಾಪೆ ತೆಗೆದು ಗೇಟಿನ ಎದುರಿಗೇ ಹಾಸಿದರು.

ಬಸವೇಶ್ವರಿ ಅದರ ಮೇಲೆ ಕುಳಿತಳು. “ಹುಡುಗೀನ ಒಳಗ ಬಿಡೋತನಾ ಏಳಂಗಿಲ್ಲ. ಬೇಕಾದ್ರ ಪೊಲೀಸರನ್ನ ಕರಸ್ರಿ!”

ಗದ್ದಲ ಕೇಳಿ ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನಪ್ಪನವರು ಹೊರಬಂದರು. ಅವರ ಬೆನ್ನಿಗೇ ರತ್ನದೀಪ! ಬಸವೇಶ್ವರಿ ಮುಖ ತಿರುಗಿಸಿದಳು.

“ಏನ್ರಿ ಮೇಡಂ ಇದು? ಪತ್ರ ಮುಟ್ಟಿಲ್ಲೇನು?”

“ಮುಟ್ಯಾದ್ರಿ. ನಿಮ್ಮ ಮಾಸ್ತರ ಅಭಿಪ್ರಾಯನೂ ಮುಟ್ಯಾದ.”

“ನನ್ನ ಅಭಿಪ್ರಾಯ ಇದ್ರಾಗ ಅದ್ರಿ.” ರತ್ನದೀಪ ಒಂದು ಹಾಳೆ ಚಾಚಿದ. ಅವನದೇ ಕೈಬರಹ. ‘ಹದಿನಾರರಲ್ಲಿ ಎಂಟು ಸರಿಯಾದ ಉತ್ತರ. ತಪ್ಪು ನನ್ನದು. ಅಂಕ ಕೊಡಬೇಕು.’ ಕೆಳಗೆ ಸಹಿ, ತಾರೀಖು.

“ಅಭಿಪ್ರಾಯ ಪಡದೇವಿ ಅಂತ ಬರದಾರ. ಏನು ಅಭಿಪ್ರಾಯ ಅಂತ ಬರದಿಲ್ಲ,” ಎಂದವನು ಅಧ್ಯಕ್ಷರತ್ತ ತಿರುಗಿದ. “ಮುಂಜಾನಿಂದ ಹೇಳ್ಲಿಕತ್ತೀನಿ ಸಾಹೇಬ್ರ. ಈ ಹುಡುಗಿ ಕೂಡಲಿಲ್ಲಂದ್ರ ಇವತ್ತಿನ ಒಂದು ಪೇಪರೂ ನಾನು ಮುಟ್ಟಂಗಿಲ್ಲ.”

ಬಸವೇಶ್ವರಿ ಹಾಳೆಯ ಮೇಲಿನ ತಾರೀಖನ್ನು ಮತ್ತೆ ನೋಡಿದಳು. ‘ಏಳು ಸಲ... ಇದನ್ನ ಹೇಳಾಕ ಏಳು ಸಲ ಫೋನ್ ಮಾಡಿದ್ದ!’

“ಒಬ್ಬರಿಗೆ ಬದಲಾಯಿಸಿದ್ರ ನಾಳೆ ನೂರು ಮಂದಿ ಬರ್ತಾರ,” ಅಧ್ಯಕ್ಷರು ಗದರಿದರು. “ಸೂಚಿ ಅಂದ್ರ ಸೂಚಿ!”

ಆಗ ಹಾಜಿರಾಬೀ ಕೂತಲ್ಲಿಂದಲೇ ಬಾಯಿ ತೆರೆದರು.

“ಸಾಬ್, ನಿಮ್ದು ಹೊಲಾ ಅದ ಏನ್ರಿ?”

“ಅದ. ಯಾಕ?”

“ನೀವೇ ಮಾಡ್ತೀರಿ?”

“ಇಲ್ಲ. ಪಾಲಿಗೆ ಕೊಟ್ಟೀನಿ.”

“ನಿಮ್ಮ ಪಾಲು ಎಷ್ಟು ಆಣಿ?”

“ಎಂಟಾಣಿ.”

“ರಾಶಿ ಆದ ಮ್ಯಾಲ ತೊಗರಿ ಎಷ್ಟು ಒಯ್ತೀರಿ?”

“ಅರ್ಧ...” ಎಂದವರ ಬಾಯಿ ಹಾಗೇ ತೆರೆದುಕೊಂಡು ನಿಂತಿತು.

ಮೊದಲು ನಕ್ಕವನು ಕಾವಲುಗಾರ. ಆಮೇಲೆ ಎಲ್ಲರೂ ನಕ್ಕರು. ಅಧ್ಯಕ್ಷರ ಕಿವಿ ಕೆಂಪಾದವು. “ಕೂಡಸ್ರಿ ಅಕಿನ್ನ ಒಳಗ,” ಎಂದು ಗೊಣಗಿ, ತಿರುಗಿಯೂ ನೋಡದೆ ನಡೆದರು. ಅರ್ಶಿಯಾ ಒಂದೇ ಉಸಿರಿಗೆ ಒಳಗೆ ಓಡಿದಳು.

ಚಾಪೆ ಬೇವಿನ ಮರದ ನೆರಳಿಗೆ ಬಂತು. ಹಾಜಿರಾಬೀ ನೀರು ತರುವ ನೆಪ ಹೇಳಿ ಎದ್ದುಹೋದರು. ಯಾವಾಗ ಏಳಬೇಕೆಂದು ಆ ವಯಸ್ಸಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ನನ್ನ ನಂಬರ್ ಬ್ಲಾಕ್ ಮಾಡಿದ್ರಿ...” ರತ್ನದೀಪನ ದನಿ ಸಣ್ಣಗಾಗಿತ್ತು.

“ಮಾಡಿದ್ದೆ.” ಅವಳು ತಲೆ ತಗ್ಗಿಸಲಿಲ್ಲ. ಆದರೆ ಕಣ್ಣು ತುಂಬಿ ಬಂದವು. “ನನ್ನ ತಪ್ಪು. ನೀವು ಅರ್ಶಿಯಾಗ ಕೊಟ್ಟಂಗ, ನಾನೂ ಒಂದು ಮಾತು ಕೇಳದೆ ನಿಮಗ ಸೊನ್ನಿ ಕೊಟ್ಟೆ.”

ಅವನು ಜೇಬಿನಿಂದ ಆ ಕಾಗದದ ಪಟ್ಟಿ ತೆಗೆದ. ದಿನವೂ ಬಿಚ್ಚಿ ಮಡಚಿ ಅದರ ಗೆರೆಗಳು ಹರಿಯುವಂತಾಗಿದ್ದವು.

“ಮತ್ತ ತಿದ್ದತೀರೇನ್ರಿ?”

“ತಿದ್ದತೇನಿ. ಎಷ್ಟು ಅಂಕ ಬೇಕು?”

“ಅಂಕ ಬ್ಯಾಡ್ರಿ... ನೀವು ಬೇಕು.”

ಅಷ್ಟೂ ಸಂಜೆ ಕಾದು ಕೂತದ್ದು ಈ ಒಂದು ಮಾತಿಗೇ ಎಂದು ಬಸವೇಶ್ವರಿಗೆ ಈಗ ತಿಳಿಯಿತು.

“ನನಗೂ ನೀವೇ ಬೇಕು,” ಎಂದಳು.

“ನಮ್ಮದು ಬುದ್ಧನ ಮನಿ. ನಿಮ್ಮಪ್ಪಾರು ಜಾತಿ ನೋಡಿ ಇಲ್ಲ ಅಂದ್ರ?”

“ಬಸವಣ್ಣನ ಹೆಸರು ನನಗಿಟ್ಟವರೇ ಅವರು. ಹ್ಯಾಂಗ ಇಲ್ಲ ಅಂತಾರ ನೋಡ್ತೇನಿ. ಮೊದಲು ಅರ್ಜಿ ಕೊಡ್ತೇನಿ.”

“ತಿರಸ್ಕಾರ ಆದ್ರ?”

“ಬಾಗಿಲ ಮುಂದ ಚಾಪಿ ಹಾಸಿ ಕುಂಡ್ರತೇನಿ.”

ರತ್ನದೀಪನ ಮುಖದ ತುಂಬ ಮತ್ತೆ ಅದೇ ನಗು. “ನಾನೂ ಬರ್ಲೇನ್ರಿ ಕುಂಡ್ರಾಕ?”

ಬಸವೇಶ್ವರಿ ಕಣ್ಣೊರೆಸಿಕೊಂಡು, ಚಾಪೆಯ ಮೇಲೆ ಸರಿದು ಅರ್ಧ ಜಾಗ ಬಿಟ್ಟಳು.

“ಈಗಿಂದೇ ಕುಂಡ್ರಿ. ರೂಢಿ ಆಗ್ಲಿ.”