ಎಡಗಣ್ಣಿನ ಚುಕ್ಕೆ

ಎಲ್ಲರೂ ಅವಳನ್ನು ಕಣ್ಣಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಗೆ ಕಣ್ಣಮ್ಮ, ಆದರೆ ಯಾರನ್ನೂ ಕಣ್ಣೆತ್ತಿ ನೋಡುವವಳಲ್ಲ.

ಮ್ಯೂಸಿಯಂನ ಹೊಸ ಹಾಲ್ ಭೂಮಿಯಿಂದಲೇ ಕಾಣೆಯಾದ ಜೀವಿಗಳಿಗೆ ಮೀಸಲು. ಡೋಡೋ ಹಕ್ಕಿ, ಬೆನ್ನ ಮೇಲೆ ಪಟ್ಟೆಯಿದ್ದ ತೋಳದಂಥ ಥೈಲಸೀನ್, ಆಳೆತ್ತರ ಮೀರಿದ ಮೋವಾ ಹಕ್ಕಿ. ಗಾಜಿನ ಕಣ್ಣಿಗೆ ಬಣ್ಣ ಬರೆದು ಅವುಗಳ ಬೊಂಬೆಗಳಿಗೆಲ್ಲ ಕೂರಿಸುವುದು ಅವಳ ಕೆಲಸ. ಸುತ್ತ ಮೇಣದ ಗಿಡಮರ ಮಾಡುವವನು ಎಲೆರಾಯ. ಅವನ ಗಿಡಗಳೂ ಅದೇ ಜಾತಿಯವು, ಸೇಂಟ್ ಹೆಲೆನಾ ದ್ವೀಪದ ಆಲಿವ್‌ನಂತೆ ಇನ್ನು ಯಾವ ಮಣ್ಣಿನಲ್ಲೂ ಚಿಗುರದಂಥವು.

ಇಬ್ಬರದೂ ಅಕ್ಕಪಕ್ಕದ ಟೇಬಲ್.

"ಕಣ್ಣಮ್ಮ, ಈ ಎಲೆ ಒಂಚೂರು ನೋಡಿ. ಹಸಿರು ಜಾಸ್ತಿ ಆಯ್ತಾ?"

"ಎಲೆ ಅಂದ್ಮೇಲೆ ಹಸಿರಿರದೆ ನೀಲಿ ಇರುತ್ತಾ?" ಹಣೆಗೆ ಕಟ್ಟಿದ ಭೂತಗನ್ನಡಿಯಲ್ಲೇ ಕಣ್ಣಿಟ್ಟು, ತಲೆ ಎತ್ತದೆಯೇ ಉತ್ತರ.

ಅವನು ಮೇಣ ಕಾಯಿಸಲು ಬಗ್ಗಿದಾಗ ಮಾತ್ರ ಅವಳು ನೋಡುತ್ತಿದ್ದಳು. ಕದ್ದು ನೋಡುವುದರಲ್ಲಿ ಬೆಕ್ಕಿಗೂ ಪಾಠ ಹೇಳುವಷ್ಟು ಜಾಣೆ.

ಅವನಿಗೆ ಬೇರೆ ಊರಿನ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಭಾನುವಾರದ ರೈಲು. ಸುದ್ದಿ ಕೇಳಿ "ಒಳ್ಳೇದಾಯ್ತು ಬಿಡಿ" ಅಂದಳು. ಅಂದಿದ್ದೇನೋ ಅಂದಳು, ಆಮೇಲೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಇತ್ತ ನುಂಗಲೂ ಆಗದು, ಅತ್ತ ಉಗುಳಲೂ ಆಗದು.

ಶುಕ್ರವಾರ ಪ್ರಾಣಿಗಳೆಲ್ಲ ಮೊದಲ ಸಲ ಒಟ್ಟಿಗೆ ಹಾಲ್‌ನಲ್ಲಿ ನಿಂತವು. ಮುಖ್ಯಸ್ಥೆ ಮೇಡಂ ಟಾರ್ಚ್ ಹಿಡಿದು ಒಂದು ಸುತ್ತು ಬಂದರು.

"ಏನಮ್ಮ ಇದು? ಡೋಡೋಗೂ ಇದೇ ಕಣ್ಣು, ಮೋವಾಗೂ ಇದೇ ಕಣ್ಣು! ಜೇನಿನ ಬಣ್ಣ, ಎಡಗಣ್ಣಲ್ಲಿ ಒಂದು ಕಪ್ಪು ಚುಕ್ಕೆ. ಇವೆಲ್ಲ ಒಂದೇ ತಾಯಿ ಮಕ್ಕಳಾ?"

ಅವಳು ಹೋಗಿ ನೋಡಿದಳು. ಮೇಡಂ ಹೇಳಿದ್ದು ನಿಜ. ಆ ಜೀವಿಗಳ ಕಣ್ಣಿನ ಬಣ್ಣ ಖಚಿತವಾಗಿ ಹೇಳುವವರು ಯಾರೂ ಇಲ್ಲ, ಪುಸ್ತಕಕ್ಕೊಂದು ಮಾತು. ಗೊತ್ತಿಲ್ಲದ ಕಡೆಯಲ್ಲೆಲ್ಲ ಅವಳ ಕೈ ತನಗೆ ಚೆನ್ನಾಗಿ ಗೊತ್ತಿದ್ದ ಕಣ್ಣನ್ನೇ ಬರೆದುಬಿಟ್ಟಿತ್ತು.

ಏಣಿಯ ಮೇಲೆ ಎಲೆ ಅಂಟಿಸುತ್ತಿದ್ದ ಎಲೆರಾಯ "ಎಲ್ಲಿ, ನೋಡೋಣ" ಎಂದು ನಗುತ್ತ ಇಳಿದು ಬಂದ. ಡೋಡೋ ಮುಂದೆ ಬಗ್ಗಿದ. ನಗು ಅರ್ಧಕ್ಕೇ ನಿಂತಿತು.

ಮೇಡಂ ಅವನನ್ನೊಮ್ಮೆ, ಡೋಡೋವನ್ನೊಮ್ಮೆ ನೋಡಿದರು. "ಸರಿ, ಮುಂದಿನ ವಾರದೊಳಗೆ ಬದಲಾಯಿಸಮ್ಮ" ಎಂದವರೇ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೊರಟುಹೋದರು.

"ನನ್ನನ್ನೂ ಈ ಕಾಣೆಯಾದವರ ಜೊತೆ ಸೇರಿಸಿಬಿಟ್ರಾ?" ಅವನು ಕೇಳಿದ. "ಊರು ಬಿಡೋನು ಇನ್ನು ಇಲ್ಲ ಅಂತಲಾ?"

ತಮಾಷೆಯ ಮಾತೇ, ಆದರೆ ಅವನ ದನಿಯಲ್ಲಿ ನೋವಿತ್ತು. ಅದನ್ನು ಅವಳಿಗೆ ತಡೆಯಲಾಗಲಿಲ್ಲ.

"ಇವೆಲ್ಲ ಬದುಕಿದ್ದಾಗ ಯಾರೂ ಸರಿಯಾಗಿ ನೋಡ್ಲಿಲ್ಲ. ಅದಕ್ಕೇ ಇವತ್ತು ನಾವು ಯಾವ ಬಣ್ಣ, ಯಾವ ಬಣ್ಣ ಅಂತ ಒದ್ದಾಡ್ತಿದೀವಿ. ನಿಮ್ಮ ವಿಷಯದಲ್ಲಿ ಹಾಗಾಗ್ಬಾರ್ದು ಅಂತ... ನೋಡ್ತಿದ್ದೆ. ದಿನಾ ನೋಡ್ತಿದ್ದೆ."

"ಒಂದ್ ಮಾತು ಹೇಳ್ಬೋದಿತ್ತಲ್ಲ?"

"ಹೋಗೋರನ್ನ ಹಿಡಿದು ನಿಲ್ಲಿಸೋಕೆ ನಾನ್ಯಾರು?"

"ಅಯ್ಯೋ ದೇವರೇ! ಇರು ಅನ್ನೋರು ಯಾರೂ ಇಲ್ಲ ಅಂತಲೇ ಕಣ್ರೀ ನಾನು ಹೊರಟಿದ್ದು. ಇಷ್ಟು ವರ್ಷದಿಂದ ಎಲೆ ಮಾಡ್ತಿರೋನಿಗೆ ಹಸಿರು ಗೊತ್ತಾಗಲ್ವಾ? ಒಂದ್ಸಲ ತಲೆ ಎತ್ತಲಿ ಅಂತ ಒಂದೊಂದೇ ತಂದು ನಿಮ್ಮ ಮುಂದೆ ಹಿಡೀತಿದ್ದೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎಂಥ ಪೆದ್ದರು ಇಬ್ಬರೂ!

"ನಿಮಗೆ ನನ್ನ ಕಣ್ಣು ಬಾಯಿಪಾಠ," ಅವನು ಮೆಲ್ಲಗೆ ಅಂದ. "ನಿಮ್ಮ ಕಣ್ಣು ಯಾವ ಬಣ್ಣ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇದು ಯಾವ ನ್ಯಾಯ?"

ಹಣೆಯ ಮೇಲಿದ್ದ ಭೂತಗನ್ನಡಿಯ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟು ಅವಳು ಮುಖ ಎತ್ತಿದಳು. ಕೆನ್ನೆ ಕಾದು ಕೆಂಡವಾಯಿತು. ಆದರೂ ಈ ಸಲ ದೃಷ್ಟಿ ತಗ್ಗಿಸಲಿಲ್ಲ. ಅವನು ಆತುರವಿಲ್ಲದೆ ನೋಡುತ್ತಲೇ ನಿಂತ.

"ಯಾವ ಬಣ್ಣ?" ಕೊನೆಗೆ ಅವಳೇ ಕೇಳಿದಳು.

"ಒಂದಿನ ನೋಡಿ ಹೇಳೋ ಅಂಥದ್ದಲ್ಲ." ಅವನು ಅವಳ ಕೈ ಹಿಡಿದುಕೊಂಡ. "ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ."